ಆಕ್ಟಿವಿಸ್ಟ್ ಫಂಡ್‌ನಿಂದ ಬೋರ್ಡಿಗೆ ಪತ್ರ ಬಂದರೆ ಐಆರ್ ತಂಡದ ಕೆಲಸವೇನು?

ಮಾರುಕಟ್ಟೆ_ಓದುಗ

ಭಾರತದ ಲಿಸ್ಟೆಡ್ ಕಂಪನಿಯೊಂದನ್ನು ಊಹಿಸಿಕೊಳ್ಳಿ. ಪ್ರವರ್ತಕರ ಪಾಲು ಶೇ 45. ಶೇ 2.5ರಷ್ಟು ಷೇರು ಇರುವ ಆಕ್ಟಿವಿಸ್ಟ್ ಫಂಡ್ (ಷೇರು ಕೊಂಡು ಬದಲಾವಣೆಗಾಗಿ ಕಂಪನಿಯ ಮೇಲೆ ಒತ್ತಡ ಹೇರುವ ಹೂಡಿಕೆ ಸಂಸ್ಥೆ) ಒಂದು ಬೋರ್ಡಿಗೆ ಪತ್ರ ಬರೆದಿದೆ. ಬೇಡಿಕೆ ಮೂರು: ಸುಮ್ಮನೆ ಕೂತಿರುವ ನಗದನ್ನು ಷೇರುದಾರರಿಗೆ ಹಂಚಿ, ನಷ್ಟದ ಘಟಕವನ್ನು ಮಾರಿ, ಪ್ರವರ್ತಕರ ಖಾಸಗಿ ಕಂಪನಿಗೆ ಕೊಡುತ್ತಿರುವ ರಾಯಲ್ಟಿ ಇಳಿಸಿ. ಮ್ಯಾನೇಜ್‌ಮೆಂಟ್ ಮಾತ್ರ "ಮತ ನಮ್ಮ ಕೈಲಿದೆ, ತಲೆ ಕೆಡಿಸಿಕೊಳ್ಳಬೇಡಿ" ಎನ್ನುತ್ತಿದೆ. ಹೂಡಿಕೆದಾರರ ಸಂಪರ್ಕ ನೋಡಿಕೊಳ್ಳುವ ಐಆರ್ ತಂಡ ಎಲ್ಲಿಂದ ಶುರು ಮಾಡಬೇಕು? ಸಾಮಾನ್ಯವಾಗಿ ಎಡವುವುದು ಎಲ್ಲಿ? ತಿಳಿದವರು ವಿವರವಾಗಿ ಬರೆಯಿರಿ.

ಮತಲೆಕ್ಕ

ಮೊದಲು "ಮತ ನಮ್ಮ ಕೈಲಿದೆ" ಎಂಬ ಮಾತನ್ನು ಲೆಕ್ಕ ಹಾಕಿ ನೋಡಿ. ಪ್ರವರ್ತಕರು 45, ಸಂಸ್ಥೆಗಳು 35, ಬಿಡಿ ಷೇರುದಾರರು 20 ಎಂದಿಟ್ಟುಕೊಳ್ಳೋಣ. ಪ್ರವರ್ತಕರು ಪೂರ್ತಿ ಮತ ಹಾಕುತ್ತಾರೆ. ಸಂಸ್ಥೆಗಳಲ್ಲಿ ಶೇ 85, ಬಿಡಿ ಷೇರುದಾರರಲ್ಲಿ ಶೇ 10ರಷ್ಟು ಮತ ಬೀಳುತ್ತದೆ ಎನ್ನಿ. ಆಗ ಚಲಾವಣೆಯಾಗುವುದು 45 + 29.75 + 2, ಅಂದರೆ ಒಟ್ಟು ಬಂಡವಾಳದ ಶೇ 76.75.

ಅರ್ಧಕ್ಕಿಂತ ಹೆಚ್ಚು ಮತ ಸಾಕಾಗುವ ಸಾಮಾನ್ಯ ನಿರ್ಣಯವಾದರೆ ಚಿಂತೆಯಿಲ್ಲ. ಚಲಾವಣೆಯಾದ ಮತದಲ್ಲಿ ಪ್ರವರ್ತಕರದೇ ಶೇ 58.6 ಆಗುತ್ತದೆ.

ವಿಶೇಷ ನಿರ್ಣಯಕ್ಕೆ ಪರ ಮತ, ವಿರುದ್ಧ ಮತದ ಮೂರು ಪಟ್ಟಾದರೂ ಇರಬೇಕು. 76.75ರ ಕಾಲು ಭಾಗ 19.19. ಸಂಸ್ಥೆಗಳು ಹಾಕುವ 29.75ರಲ್ಲಿ ಮೂರನೇ ಎರಡು ಭಾಗ ತಿರುಗಿಬಿದ್ದರೆ 19.83 ಆಯಿತು, ನಿರ್ಣಯ ಬಿತ್ತು. ಸ್ವತಂತ್ರ ನಿರ್ದೇಶಕರ (ಪ್ರವರ್ತಕರ ಜೊತೆ ನಂಟಿಲ್ಲದವರು) ಮರುನೇಮಕ, ಮಿತಿ ಮೀರಿದ ಸಂಭಾವನೆ, ಷೇರುಗಳ ಪ್ರಿಫರೆನ್ಷಿಯಲ್ ಹಂಚಿಕೆ (ಆಯ್ದ ಕೆಲವರಿಗೆ ಹೊಸ ಷೇರು ಕೊಡುವುದು) ಎಲ್ಲ ಈ ಸಾಲಿನಲ್ಲೇ ಬರುತ್ತವೆ.

ಮೂರನೆಯದು ಸಂಬಂಧಿತ ಪಕ್ಷಗಳ ವಹಿವಾಟು, ಅಂದರೆ ಪ್ರವರ್ತಕರು ಅಥವಾ ಅವರ ಇತರ ಕಂಪನಿಗಳ ಜೊತೆಗಿನ ವ್ಯವಹಾರ. ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ ಎಲ್‌ಒಡಿಆರ್ (ಲಿಸ್ಟೆಡ್ ಕಂಪನಿಗಳ ನಿಯಮಾವಳಿ) ನಿಯಮ 23ರ ಪ್ರಕಾರ ಗಣನೀಯ ವಹಿವಾಟಿಗೆ ಒಪ್ಪಿಗೆ ಕೇಳುವಾಗ ಸಂಬಂಧಿತ ಪಕ್ಷಗಳು ಪರವಾಗಿ ಮತ ಹಾಕುವಂತಿಲ್ಲ. ರಾಯಲ್ಟಿಯು ಕಂಪನಿಯ ವಾರ್ಷಿಕ ಕ್ರೋಡೀಕೃತ ಟರ್ನೋವರ್‌ನ ಶೇ 5 ದಾಟಿದರೆ ಅದು ಗಣನೀಯವೇ. ಅಲ್ಲಿ 45 ಲೆಕ್ಕದಿಂದ ಹೊರಗೆ ಹೋಯಿತು. ಉಳಿದದ್ದು 31.75, ಅದರ ಅರ್ಧ 15.88. ಪತ್ರ ಬರೆದ ಫಂಡಿನ 2.5 ಈ ಕಣದಲ್ಲಿ ಸುಮಾರು ಶೇ 8 ತೂಗುತ್ತದೆ. ನಿಮ್ಮ ಉದಾಹರಣೆಯ ಮೂರನೇ ಬೇಡಿಕೆ ಸರಿಯಾಗಿ ಇಲ್ಲೇ ಬಂದು ಕೂರಬಹುದು.

ಇದು ಕಾಗದದ ಮೇಲಿನ ಲೆಕ್ಕ ಮಾತ್ರ ಅಲ್ಲ. 2024ರ ಮೇ ತಿಂಗಳಲ್ಲಿ ನೆಸ್ಲೆ ಇಂಡಿಯಾ, ಮಾತೃಸಂಸ್ಥೆಗೆ ಕೊಡುವ ರಾಯಲ್ಟಿಯನ್ನು ಶೇ 4.5ರಿಂದ ಹಂತ ಹಂತವಾಗಿ ಶೇ 5.25ಕ್ಕೆ ಏರಿಸಲು ಒಪ್ಪಿಗೆ ಕೇಳಿತು. ಮಾತೃಸಂಸ್ಥೆಯ ಪಾಲು ಶೇ 62ಕ್ಕೂ ಹೆಚ್ಚು. ಆದರೂ ಶೇ 57ಕ್ಕಿಂತ ಹೆಚ್ಚು ಮತ ವಿರುದ್ಧ ಬಿದ್ದು ನಿರ್ಣಯ ಸೋತಿತು. ಕೊನೆಗೆ 4.5ರಲ್ಲೇ ಮುಂದುವರಿಯಬೇಕಾಯಿತು.

ಮಾರುಕಟ್ಟೆ_ಓದುಗ

ಹಾಗಾದರೆ ಮುಂದಿನ 12 ತಿಂಗಳಲ್ಲಿ ಷೇರುದಾರರ ಮುಂದೆ ಬರಲಿರುವ ನಿರ್ಣಯಗಳ ಪಟ್ಟಿ ಮೊದಲು ಬೇಕು, ಅಲ್ಲವೇ?

ಮತಲೆಕ್ಕ

ಹೌದು. ಪ್ರತಿ ನಿರ್ಣಯದ ಮುಂದೆ ಮೂರೇ ವಿಷಯ: ಸಾಮಾನ್ಯವೋ ವಿಶೇಷವೋ, ಪ್ರವರ್ತಕರು ಮತ ಹಾಕಬಹುದೇ, ಬೀಳಲು ಎಷ್ಟು ವಿರುದ್ಧ ಮತ ಸಾಕು. ಪತ್ರ ಬಂದ ದಿನವೇ ಇದು ಸಿಎಫ್‌ಒ (ಹಣಕಾಸು ಮುಖ್ಯಸ್ಥರು) ಮೇಜಿನ ಮೇಲಿರಬೇಕು. ಆಕ್ಟಿವಿಸ್ಟ್ ತನ್ನದೇ ನಿರ್ಣಯ ತರಲೇಬೇಕೆಂದಿಲ್ಲ. ಕಂಪನಿ ತರುವ ನಿರ್ಣಯವನ್ನು ಬೀಳಿಸಿದರೂ ಅವರ ಕೆಲಸ ಆದಂತೆಯೇ.

ಷೇರುಪಟ್ಟಿ

ಮತಲೆಕ್ಕ ಅವರ ಲೆಕ್ಕದಲ್ಲಿ "ಸಂಸ್ಥೆಗಳು 35" ಎಂಬ ಒಂದೇ ಗುಂಪಿದೆ. ನಿಜವಾದ ದುಡಿಮೆ ಇರುವುದು ಆ ಗುಂಪನ್ನು ಬಿಡಿಸುವುದರಲ್ಲಿ.

ಷೇರುದಾರರ ದಾಖಲೆ ಇಡುವ ಆರ್‌ಟಿಎಯಿಂದ ವಾರಕ್ಕೊಮ್ಮೆ ಬೆನ್‌ಪೋಸ್, ಅಂದರೆ ಯಾರ ಬಳಿ ಎಷ್ಟು ಷೇರಿದೆ ಎಂಬ ಪಟ್ಟಿ ಬರುತ್ತದೆ. ಹೆಚ್ಚಿನ ಕಡೆ ಅದನ್ನು ತೆರೆದು ಮೊದಲ ಇಪ್ಪತ್ತು ಹೆಸರು ನೋಡಿ ಮುಚ್ಚಿಬಿಡುತ್ತಾರೆ. ಸಾಲದು. ಒಂದೇ ಮ್ಯೂಚುವಲ್ ಫಂಡ್ ಸಂಸ್ಥೆಯ ಹತ್ತು ಸ್ಕೀಮ್‌ಗಳು ಹತ್ತು ಸಾಲಾಗಿ ಬರುತ್ತವೆ. ಅವನ್ನು ಕೂಡಿಸಿ. ವಿದೇಶಿ ಫಂಡ್‌ಗಳಲ್ಲಿ ಒಂದೇ ಮ್ಯಾನೇಜರ್ ನಡೆಸುವ ಖಾತೆಗಳು ಬೇರೆ ಬೇರೆ ಎಫ್‌ಪಿಐ (ನೋಂದಾಯಿತ ವಿದೇಶಿ ಹೂಡಿಕೆದಾರ) ಹೆಸರಿನಲ್ಲಿರುತ್ತವೆ. ಪಿಂಚಣಿ ನಿಧಿಯ ಹೆಸರು ಕಂಡರೂ ಷೇರು ಕೊಳ್ಳುವ ಬಿಡುವ ತೀರ್ಮಾನ ಬೇರೆ ಮ್ಯಾನೇಜರ್‌ದು, ಮತದ ಹಕ್ಕು ನಿಧಿಯದೇ ಇರಬಹುದು. ಹಾಗಾಗಿ ಪ್ರತಿ ದೊಡ್ಡ ಸಾಲಿಗೆ ಎರಡು ಹೆಸರು ಬರೆದಿಡಿ: ಕೊಳ್ಳುವವರು ಯಾರು, ಮತ ಹಾಕುವವರು ಯಾರು. ಪಿ-ನೋಟ್ (ನೋಂದಾಯಿತ ಎಫ್‌ಪಿಐ ಮೂಲಕ ಪರೋಕ್ಷವಾಗಿ ಹೂಡುವ ಪತ್ರ) ಹಿಂದಿರುವ ಹಣ ಬೆನ್‌ಪೋಸ್‌ನಲ್ಲಿ ಕಾಣುವುದೇ ಇಲ್ಲ. ಬ್ಯಾಂಕ್ ಅಥವಾ ಬ್ರೋಕರೇಜ್ ಹೆಸರಿನ ಎಫ್‌ಪಿಐ ಖಾತೆ ದಿಢೀರನೆ ಉಬ್ಬಿದರೆ ಅದನ್ನು ಗುರುತು ಹಾಕಿಕೊಳ್ಳಿ.

ಇಲ್ಲಿ ಸಾರ್ವಜನಿಕ ಮಾಹಿತಿ ತಡವಾಗಿ ಬರುತ್ತದೆ. ತ್ರೈಮಾಸಿಕ ಷೇರು ಹಂಚಿಕೆಯ ವಿವರಕ್ಕೆ 21 ದಿನ ಗಡುವು, ಅದರಲ್ಲೂ ಹೆಸರು ಕಾಣುವುದು ಶೇ 1 ಮತ್ತು ಮೇಲಿನವರದು. ಸೆಬಿಯ ಸ್ವಾಧೀನ (ಟೇಕ್‌ಓವರ್) ನಿಯಮ 29ರಡಿ ಶೇ 5 ಮುಟ್ಟಿದಾಗ, ಆಮೇಲೆ ಶೇ 2ರಷ್ಟು ಏರಿಳಿದಾಗ ಎರಡು ಕೆಲಸದ ದಿನಗಳಲ್ಲಿ ತಿಳಿಸಬೇಕು. ಶೇ 4.9ರಲ್ಲಿ ನಿಂತವರ ಸುದ್ದಿ ತ್ರೈಮಾಸಿಕ ವಿವರ ಬರುವವರೆಗೆ ಬೆನ್‌ಪೋಸ್ ಓದುವವರಿಗಷ್ಟೇ ಗೊತ್ತಿರುತ್ತದೆ. ಅಮೆರಿಕದಲ್ಲೂ ಶೇ 5 ದಾಟಿದವರು 13ಡಿ ಎಂಬ ಪ್ರಕಟಣೆ ಸಲ್ಲಿಸಲು ಮೊದಲು 10 ದಿನ ಇತ್ತು, 2024ರ ಫೆಬ್ರವರಿಯಿಂದ 5 ಕೆಲಸದ ದಿನಕ್ಕೆ ಇಳಿದಿದೆ.

ಫಂಡ್_ಕಡೆಯಿಂದ

ಷೇರುಪಟ್ಟಿ ಅವರು ಹೇಳಿದ "ಎರಡು ಹೆಸರು" ವಿಷಯವನ್ನು ಇನ್ನಷ್ಟು ಒತ್ತಿ ಹೇಳಬೇಕು. ಕಂಪನಿಗಳು ಸೋಲುವುದು ಬಹುಪಾಲು ಇಲ್ಲೇ.

ಐಆರ್‌ನವರು ವರ್ಷವಿಡೀ ಭೇಟಿಯಾಗುವುದು ಪೋರ್ಟ್‌ಫೋಲಿಯೋ ಮ್ಯಾನೇಜರ್ ಮತ್ತು ಅನಲಿಸ್ಟ್‌ಗಳನ್ನು. ಅವರು ಕೇಳುವುದು ಮಾರ್ಜಿನ್, ಆರ್ಡರ್, ಸಾಲ. ಆದರೆ ದೊಡ್ಡ ಸಂಸ್ಥೆಗಳಲ್ಲಿ ಮತದ ಶಿಫಾರಸು ಸ್ಟೂವರ್ಡ್‌ಶಿಪ್ ತಂಡದಿಂದ, ಅಂದರೆ ಕಂಪನಿಗಳ ಆಡಳಿತದ ಮೇಲೆ ಕಣ್ಣಿಡುವ ಬೇರೆ ತಂಡದಿಂದ ಬರುತ್ತದೆ. ಬ್ಲ್ಯಾಕ್‌ರಾಕ್, ವ್ಯಾನ್‌ಗಾರ್ಡ್ ತರಹದವರ ಇಂಡೆಕ್ಸ್ ಫಂಡ್‌ಗಳಲ್ಲಂತೂ (ಸೂಚ್ಯಂಕದಲ್ಲಿರುವ ಷೇರುಗಳನ್ನೇ ಹಿಡಿದಿರುವ ಫಂಡ್‌ಗಳು) ಷೇರು ಮಾರಿ ಹೊರಹೋಗುವ ದಾರಿಯೇ ಇಲ್ಲ, ಅಸಮಾಧಾನ ತೋರಿಸಲು ಇರುವುದು ಮತ ಒಂದೇ. "ಆ ಫಂಡ್ ಮ್ಯಾನೇಜರ್ ನಮಗೆ ಚೆನ್ನಾಗಿ ಪರಿಚಯ" ಎಂದು ನಂಬಿ ಅವರ ಶೇ 3ನ್ನು ಪರ ಮತದ ಕಾಲಂನಲ್ಲಿ ಬರೆದುಕೊಂಡರೆ, ಫಲಿತಾಂಶದ ದಿನ ಅದು ಆಚೆ ಕಾಲಂನಲ್ಲಿರುತ್ತದೆ.

ಊಹೆ ಮಾಡುವ ಅಗತ್ಯವೂ ಇಲ್ಲ. ಭಾರತದ ಮ್ಯೂಚುವಲ್ ಫಂಡ್‌ಗಳು ಸೆಬಿಯ ಸ್ಟೂವರ್ಡ್‌ಶಿಪ್ ಸಂಹಿತೆಗೆ 2020ರ ಜುಲೈನಿಂದ ಬದ್ಧವಾಗಿವೆ. 2022ರ ಏಪ್ರಿಲ್‌ನಿಂದ ಎಲ್ಲ ನಿರ್ಣಯಗಳಿಗೂ ಮತ ಹಾಕುವುದು ಕಡ್ಡಾಯ. ಯಾವುದಕ್ಕೆ ಪರ, ಯಾವುದಕ್ಕೆ ವಿರುದ್ಧ, ಯಾಕೆ ಎಂಬುದು ಅವರವರ ವೆಬ್‌ಸೈಟಿನಲ್ಲಿ ಇರುತ್ತದೆ. ನಿಮ್ಮಲ್ಲಿ ಹೂಡಿಕೆ ಇರುವ ಮೊದಲ ಹದಿನೈದು ಫಂಡ್ ಸಂಸ್ಥೆಗಳು ಹಿಂದಿನ ಎರಡು ವರ್ಷ ರಾಯಲ್ಟಿ, ಸಂಭಾವನೆ, ಸ್ವತಂತ್ರ ನಿರ್ದೇಶಕರ ವಿಷಯದಲ್ಲಿ ಬೇರೆ ಕಂಪನಿಗಳಲ್ಲಿ ಹೇಗೆ ಮತ ಹಾಕಿದವು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಮತದ ನೀತಿಯ ದಾಖಲೆಯನ್ನೂ ಓದಿ. ಯಾರನ್ನು ಮಾತಾಡಿಸಿದರೆ ಪ್ರಯೋಜನ, ಯಾರ ನೀತಿ ಮೊದಲೇ ಗೆರೆ ಎಳೆದಿದೆ ಎಂಬುದು ಆಗ ತಿಳಿಯುತ್ತದೆ.

ಸಣ್ಣ ಪಾಲು ನೋಡಿ ಹಗುರವಾಗಿ ತೆಗೆದುಕೊಳ್ಳಬೇಡಿ. 2021ರಲ್ಲಿ ಎಂಜಿನ್ ನಂ. 1 ಎಂಬ ಫಂಡ್ ಎಕ್ಸಾನ್‌ಮೊಬಿಲ್‌ನಲ್ಲಿ ಇಟ್ಟುಕೊಂಡಿದ್ದು ಸುಮಾರು ಶೇ 0.02. ಬೋರ್ಡಿನಲ್ಲಿ ಮೂರು ಸ್ಥಾನ ಗೆದ್ದಿತು. ಗೆಲ್ಲಿಸಿದ್ದು ದೊಡ್ಡ ಸಂಸ್ಥೆಗಳ ಮತ.

ಕಾರ್ಯದರ್ಶಿ_ಕಚೇರಿ

ಕಾನೂನಿನ ಬಾಗಿಲುಗಳು ಎಲ್ಲೆಲ್ಲಿವೆ ಎಂದು ಐಆರ್‌ನವರಿಗೂ ಗೊತ್ತಿರಬೇಕು.

2013ರ ಕಂಪನಿ ಕಾಯ್ದೆಯ ಸೆಕ್ಷನ್ 100ರಡಿ ಮತದ ಹಕ್ಕಿರುವ ಪಾವತಿಯಾದ ಬಂಡವಾಳದ ಶೇ 10 ಇರುವವರು ವಿಶೇಷ ಸಾಮಾನ್ಯ ಸಭೆ ಕರೆಯುವಂತೆ ಕೇಳಬಹುದು. ಬೋರ್ಡ್ 21 ದಿನದೊಳಗೆ ಸಭೆ ಕರೆಯಬೇಕು, ಸಭೆ 45 ದಿನದೊಳಗೆ ನಡೆಯಬೇಕು. ಕರೆಯದಿದ್ದರೆ ಬೇಡಿಕೆ ಇಟ್ಟವರೇ ಮೂರು ತಿಂಗಳೊಳಗೆ ಸಭೆ ನಡೆಸಬಹುದು. ಸೆಕ್ಷನ್ 169ರಲ್ಲಿ ನಿರ್ದೇಶಕರನ್ನು ಸಾಮಾನ್ಯ ನಿರ್ಣಯದಿಂದ ತೆಗೆಯಬಹುದು. ಎರಡನೇ ಅವಧಿಯ ಸ್ವತಂತ್ರ ನಿರ್ದೇಶಕರಿಗೆ ಮಾತ್ರ ವಿಶೇಷ ನಿರ್ಣಯ ಬೇಕು. ಸೆಕ್ಷನ್ 160 ಅನ್ನು ಬಹಳ ಜನ ಮರೆಯುತ್ತಾರೆ: ಯಾವುದೇ ಸದಸ್ಯರು ಸಭೆಗೆ 14 ದಿನ ಮೊದಲು ನೋಟಿಸ್ ಮತ್ತು 1 ಲಕ್ಷ ರೂಪಾಯಿ ಠೇವಣಿ ಕೊಟ್ಟು ನಿರ್ದೇಶಕ ಸ್ಥಾನಕ್ಕೆ ಹೆಸರು ಸೂಚಿಸಬಹುದು. ಶೇ 10 ಬೇಕಿಲ್ಲ. ಆ ವ್ಯಕ್ತಿ ಗೆದ್ದರೆ, ಅಥವಾ ಶೇ 25ಕ್ಕಿಂತ ಹೆಚ್ಚು ಮತ ಪಡೆದರೆ ಠೇವಣಿ ವಾಪಸ್.

ಸಭೆಯನ್ನೇ ತಡೆಯುವ ಹಟ ದುಬಾರಿ. 2021ರ ಸೆಪ್ಟೆಂಬರ್‌ನಲ್ಲಿ ಇನ್ವೆಸ್ಕೊ ಮತ್ತು ಅದರ ಜೊತೆಯ ಫಂಡ್ ಸುಮಾರು ಶೇ 18 ಪಾಲಿನೊಂದಿಗೆ ಜೀ ಎಂಟರ್‌ಟೈನ್‌ಮೆಂಟ್‌ನಲ್ಲಿ ಸಭೆ ಕೇಳಿದಾಗ ಬೋರ್ಡ್ ನಿರಾಕರಿಸಿತು. ಬಾಂಬೆ ಹೈಕೋರ್ಟಿನ ಏಕಸದಸ್ಯ ಪೀಠ ಅಕ್ಟೋಬರ್‌ನಲ್ಲಿ ಕಂಪನಿಯ ಪರ ತಡೆ ಕೊಟ್ಟರೂ 2022ರ ಮಾರ್ಚ್‌ನಲ್ಲಿ ವಿಭಾಗೀಯ ಪೀಠ ಅದನ್ನು ತೆಗೆದುಹಾಕಿತು. ಸಭೆ ಕೇಳಲು ಷೇರುದಾರರು ಕಾರಣ ಕೊಡಬೇಕಾಗಿಲ್ಲ ಎಂಬುದು 1986ರ ಎಲ್‌ಐಸಿ ಮತ್ತು ಎಸ್ಕಾರ್ಟ್ಸ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹೇಳಿದ ಮಾತು. ಅರ್ಧ ವರ್ಷ ಕೋರ್ಟ್ ಸುದ್ದಿಯಾದರೆ ಐಆರ್ ತಂಡಕ್ಕೆ ವ್ಯವಹಾರದ ಬಗ್ಗೆ ಮಾತಾಡಲು ಅವಕಾಶವೇ ಉಳಿಯುವುದಿಲ್ಲ.

ಮಾರುಕಟ್ಟೆ_ಓದುಗ

ಸರಿ, ಮೊದಲ ವಾರದ ವಿಷಯಕ್ಕೆ ಬರೋಣ. ಪತ್ರ ಬರೆದವರನ್ನು ಭೇಟಿ ಮಾಡಬೇಕೇ? ಯಾರು ಹೋಗಬೇಕು?

ಕಾರ್ಯದರ್ಶಿ_ಕಚೇರಿ

ಭೇಟಿ ಮಾಡಲೇಬೇಕು. ಒಂದೆರಡು ದಿನದಲ್ಲಿ "ಪತ್ರ ತಲುಪಿದೆ, ಬೋರ್ಡಿನ ಮುಂದಿಡುತ್ತೇವೆ, ಭೇಟಿಗೆ ಸಿದ್ಧರಿದ್ದೇವೆ" ಎಂಬ ಮೂರು ಸಾಲಿನ ಉತ್ತರ ಹೋಗಲಿ. ಪತ್ರ ಪೂರ್ತಿಯಾಗಿ, ಮೂಲ ಪ್ರತಿಯಲ್ಲೇ, ಸ್ವತಂತ್ರ ನಿರ್ದೇಶಕರಿಗೂ ಹೋಗಬೇಕು. ಮ್ಯಾನೇಜ್‌ಮೆಂಟ್ ಬರೆದ ಅರ್ಧ ಪುಟದ ಸಾರಾಂಶ ಕಳಿಸಿ ಕೈತೊಳೆದುಕೊಳ್ಳುವುದು ಅಪಾಯ. ಮುಂದೆ ಪತ್ರ ಪತ್ರಿಕೆಗಳಲ್ಲಿ ಬಂದಾಗ "ಇದನ್ನು ನಮಗೆ ತೋರಿಸಿಯೇ ಇರಲಿಲ್ಲ" ಎಂದು ನಿರ್ದೇಶಕರು ಕೇಳಿದರೆ ಬೋರ್ಡ್ ಒಳಗೇ ಒಡೆಯುತ್ತದೆ.

ಮೊದಲ ಭೇಟಿಗೆ ಸಿಎಫ್‌ಒ ಮತ್ತು ಐಆರ್ ಮುಖ್ಯಸ್ಥರು ಸಾಕು.

ಫಂಡ್_ಕಡೆಯಿಂದ

ಇಲ್ಲಿ ನನ್ನ ಅಭಿಪ್ರಾಯ ಬೇರೆ. ನಗದು ಹಂಚಿಕೆ, ಘಟಕ ಮಾರಾಟದ ಪ್ರಶ್ನೆಯಾದರೆ ಸಿಎಫ್‌ಒ ಸರಿ. ರಾಯಲ್ಟಿ ಪ್ರಶ್ನೆಗೆ ಸಿಎಫ್‌ಒ ಉತ್ತರ ಕೊಟ್ಟರೆ ಅದರ ತೂಕ ಸೊನ್ನೆ, ಏಕೆಂದರೆ ಅವರನ್ನು ನೇಮಿಸಿದ ಮ್ಯಾನೇಜ್‌ಮೆಂಟಿನ ಹಿಂದೆ ಇರುವುದೂ ಪ್ರವರ್ತಕರೇ. ಆಡಿಟ್ ಸಮಿತಿಯ ಅಧ್ಯಕ್ಷರು ಕೂತು "ಈ ದರವನ್ನು ನಾವು ಹೀಗೆ ಪರಿಶೀಲಿಸಿದೆವು, ಈ ಹೋಲಿಕೆ ನೋಡಿದೆವು" ಎಂದರೆ ಮಾತಿಗೆ ತೂಕ ಬರುತ್ತದೆ. ಭಾರತದಲ್ಲಿ ಸ್ವತಂತ್ರ ನಿರ್ದೇಶಕರನ್ನು ಹೂಡಿಕೆದಾರರ ಮುಂದೆ ತರಲು ಕಂಪನಿಗಳು ಹಿಂಜರಿಯುತ್ತವೆ. ಹಿಂಜರಿದಷ್ಟೂ ಅನುಮಾನ ಬೆಳೆಯುತ್ತದೆ.

ಕಾರ್ಯದರ್ಶಿ_ಕಚೇರಿ

ಸಂಬಂಧಿತ ಪಕ್ಷದ ವಿಷಯದಲ್ಲಿ ಒಪ್ಪುತ್ತೇನೆ. ಆದರೆ ಆ ನಿರ್ದೇಶಕರಿಗೆ ಸಿದ್ಧತೆ ಕೊಡದೆ ಕೂರಿಸಬಾರದು. ಭೇಟಿಯಲ್ಲಿ ಇರುವ ಎಲ್ಲರಿಗೂ ಒಂದೇ ಪುಟದ ಟಿಪ್ಪಣಿ ಇರಲಿ: ಈಗಾಗಲೇ ಸಾರ್ವಜನಿಕವಾಗಿರುವ ಅಂಕಿಅಂಶ ಎಡಕ್ಕೆ, ಮುಟ್ಟಬಾರದ ವಿಷಯ ಬಲಕ್ಕೆ. "ಘಟಕ ಮಾರಾಟದ ಮಾತುಕತೆ ನಡೀತಿದೆ, ಸ್ವಲ್ಪ ಕಾಯಿರಿ" ಎಂದು ಬಾಯಿ ತಪ್ಪಿದರೆ ಅದು ಯುಪಿಎಸ್‌ಐ, ಅಂದರೆ ಬೆಲೆ ಮೇಲೆ ಪರಿಣಾಮ ಬೀರುವ ಅಪ್ರಕಟಿತ ಮಾಹಿತಿ. ಕಾನೂನುಬದ್ಧ ಉದ್ದೇಶಕ್ಕಾಗಿ ಹಂಚಿಕೊಳ್ಳಲೇಬೇಕಾದರೆ ನೋಟಿಸ್ ಕೊಟ್ಟು, ಹೆಸರು, ಪ್ಯಾನ್ ಸಮೇತ ಡಿಜಿಟಲ್ ದಾಖಲೆಯಲ್ಲಿ ನಮೂದಿಸಬೇಕು. ಹೆಚ್ಚಿನ ಫಂಡ್‌ಗಳಿಗೆ ಅಂಥ ಮಾಹಿತಿ ಬೇಡವೇ ಬೇಡ, ಪಡೆದರೆ ಆ ಷೇರಿನಲ್ಲಿ ಅವರ ವಹಿವಾಟು ನಿಂತುಹೋಗುತ್ತದೆ. ಭೇಟಿಯಲ್ಲಿ ಕಂಪನಿಯ ಕಡೆಯಿಂದ ಕನಿಷ್ಠ ಇಬ್ಬರು ಇರಲಿ, ಅದೇ ದಿನ ಟಿಪ್ಪಣಿ ಬರೆದಿಡಿ.

ಷೇರುಪಟ್ಟಿ

ಪತ್ರದಲ್ಲಿರುವ ಟೀಕೆ ಸರಿ ಇದ್ದರೆ ಏನು ಮಾಡುವುದು ಎಂಬುದನ್ನು ಯಾರೂ ಕೇಳಲಿಲ್ಲ. ಬಹಳ ಸಲ ಟೀಕೆ ಸರಿಯೇ ಇರುತ್ತದೆ.

2014ರಲ್ಲಿ ಸ್ಟಾರ್‌ಬೋರ್ಡ್ ಎಂಬ ಫಂಡ್ ಆಲಿವ್ ಗಾರ್ಡನ್ ರೆಸ್ಟೊರೆಂಟ್‌ಗಳ ಮಾಲೀಕ ಕಂಪನಿ ಡಾರ್ಡನ್ ಮೇಲೆ ಸುಮಾರು 300 ಪುಟದ ಪ್ರೆಸೆಂಟೇಷನ್ ಬಿಟ್ಟಿತು. ಪಾಸ್ತಾ ಬೇಯಿಸುವ ನೀರಿಗೆ ಉಪ್ಪು ಹಾಕುವುದನ್ನು ಕಂಪನಿ ನಿಲ್ಲಿಸಿದೆ, ಪಾತ್ರೆಗಳ ವಾರಂಟಿ ಹೆಚ್ಚು ದಿನ ಬರಲಿ ಎಂದು ಹೀಗೆ ಮಾಡಿದೆ ಎಂಬ ವಿವರ ಅದರಲ್ಲಿತ್ತು. ಇಡೀ ಜಗತ್ತು ನೆನಪಿಟ್ಟುಕೊಂಡಿದ್ದು ಅದನ್ನೇ. ಆ ವರ್ಷ ಬೋರ್ಡಿನ 12 ಸ್ಥಾನಗಳೂ ಸ್ಟಾರ್‌ಬೋರ್ಡ್ ಸೂಚಿಸಿದವರ ಪಾಲಾದವು. ಎದುರಾಳಿಗೆ ಸಿಕ್ಕಿದ್ದು ಗುಟ್ಟಿನ ದಾಖಲೆಯಲ್ಲ, ಹೊರಗಿನವರು ಕೂತು ಓದಿದರೆ, ಅಂಗಡಿಗೆ ಹೋಗಿ ನೋಡಿದರೆ ತಿಳಿಯುವ ಸಂಗತಿಗಳು.

ಅದಕ್ಕೇ ವರ್ಷಕ್ಕೊಮ್ಮೆ ಐಆರ್ ತಂಡವೇ ತನ್ನ ಕಂಪನಿಯ ಮೇಲೆ ಅಂಥ ಪತ್ರವನ್ನು ಬರೆಯಬೇಕು. ಐದು ವರ್ಷದ ಷೇರು ಗಳಿಕೆ ಪ್ರತಿಸ್ಪರ್ಧಿಗಳಿಗೆ ಹೋಲಿಸಿದರೆ ಎಷ್ಟು, ಬಂಡವಾಳದ ಮೇಲಿನ ಪ್ರತಿಫಲ ಎಷ್ಟು, ನಗದು ಮಾರುಕಟ್ಟೆ ಮೌಲ್ಯದ ಎಷ್ಟು ಭಾಗ, ಹಿಂದಿನ ಮೂರು ವರ್ಷ ಕಾನ್ಫರೆನ್ಸ್ ಕಾಲ್‌ನಲ್ಲಿ ಕೊಟ್ಟ ಮಾತುಗಳಲ್ಲಿ ಎಷ್ಟು ಈಡೇರಿದವು. ಕಾಲ್‌ಗಳ ಲಿಖಿತ ಪ್ರತಿಯನ್ನು 5 ಕೆಲಸದ ದಿನದಲ್ಲಿ ಕಂಪನಿಯೇ ಪ್ರಕಟಿಸುತ್ತದೆ. ಎದುರಾಳಿ ಅವನ್ನೆಲ್ಲ ಸಾಲುಸಾಲಾಗಿ ಓದಿರುತ್ತಾನೆ. "ಘಟಕ ಮುಂದಿನ ವರ್ಷ ಲಾಭಕ್ಕೆ ಬರುತ್ತದೆ" ಎಂದು ಮೂರು ವರ್ಷ ಹೇಳಿದ್ದರೆ ಆ ಮೂರು ಸಾಲೂ ಒಂದೇ ಸ್ಲೈಡಿನಲ್ಲಿ ಬರುತ್ತವೆ.

ಫಂಡ್_ಕಡೆಯಿಂದ

ಸರಿಯಾದ ಬೇಡಿಕೆಯನ್ನು ಬೇಗ ಒಪ್ಪಿಕೊಂಡರೆ ಉಳಿದವುಗಳ ಮೇಲೆ ನಿಲ್ಲಲು ಬಲ ಬರುತ್ತದೆ. ಐಷರ್ ಮೋಟಾರ್ಸ್ ಉದಾಹರಣೆ ನೋಡಿ. 2021ರ ಆಗಸ್ಟ್‌ನಲ್ಲಿ ವ್ಯವಸ್ಥಾಪಕ ನಿರ್ದೇಶಕರ ಮರುನೇಮಕ ಮತ್ತು ಸಂಭಾವನೆಯನ್ನು ಒಂದೇ ವಿಶೇಷ ನಿರ್ಣಯದಲ್ಲಿ ಕಟ್ಟಿ ತಂದರು. ಶೇ 73ರಷ್ಟು ಪರ ಮತ ಬಂದರೂ 75 ಮುಟ್ಟದೆ ಬಿತ್ತು. ಆ ಬಳಿಕ ನೇಮಕ ಬೇರೆ, ಸಂಭಾವನೆ ಬೇರೆ ಎಂದು ಬಿಡಿಸಿ, ಸಂಭಾವನೆಗೆ ಲಾಭದ ಶೇ 1.5ರ ಮಿತಿ ಹಾಕಿ ತಂದಾಗ ಒಪ್ಪಿಗೆ ಸಿಕ್ಕಿತು. ವ್ಯಕ್ತಿಯ ಮೇಲೆ ಯಾರಿಗೂ ತಕರಾರು ಇರಲಿಲ್ಲ ಎಂದೇ ಆ ಎರಡನೇ ಮತ ಹೇಳುತ್ತದೆ. ನೋಟಿಸ್ ಹೋಗುವ ಮೊದಲು ಐದಾರು ಫಂಡ್‌ಗಳನ್ನು ಅವರ ಮತದ ನೀತಿಯ ಬಗ್ಗೆ ಕೇಳಿದರೆ ಇಂಥ ಗಂಟು ಬಿಡಿಸಬಹುದು. ನೀತಿ ಕೇಳುವುದರಲ್ಲಿ ಯಾವ ಗುಟ್ಟೂ ಹೊರಹೋಗುವುದಿಲ್ಲ.

ಮಾರುಕಟ್ಟೆ_ಓದುಗ

ಸಭೆ ಹತ್ತಿರ ಬಂದಾಗಿನ ದಿನಗಣನೆ ಹೇಗೆ?

ಮತಲೆಕ್ಕ

ನೋಟಿಸ್‌ಗೆ ಪೂರ್ತಿ 21 ದಿನ. ಅದರಲ್ಲಿ ಉಪಯೋಗಕ್ಕೆ ಬರುವುದು ಕಡಿಮೆ.

ಐಐಎಎಸ್, ಎಸ್‌ಇಎಸ್, ಇನ್‌ಗವರ್ನ್, ಹೊರಗಿನ ಐಎಸ್‌ಎಸ್, ಗ್ಲಾಸ್ ಲೂಯಿಸ್ ಮುಂತಾದ ಪ್ರಾಕ್ಸಿ ಸಲಹಾ ಸಂಸ್ಥೆಗಳ (ಹೇಗೆ ಮತ ಹಾಕಬೇಕೆಂದು ಫಂಡ್‌ಗಳಿಗೆ ಸಲಹೆ ಕೊಡುವವರು) ವರದಿ ಸಾಮಾನ್ಯವಾಗಿ ಸಭೆಗೆ ಸುಮಾರು ಎರಡು ವಾರ ಇರುವಾಗ ಬರುತ್ತದೆ. ಅಂದರೆ ನೋಟಿಸ್ ಹೋದ ಮೊದಲ ವಾರವೇ ಅವರಿಗೆ ಬೇಕಾದ ವಿವರ ತಲುಪಿರಬೇಕು. ಅವರು ಓದುವುದು ನೋಟಿಸ್ ಜೊತೆಗಿನ ವಿವರಣಾ ಹೇಳಿಕೆಯನ್ನು. ರಾಯಲ್ಟಿ ದರಕ್ಕೆ ಆಧಾರವೇನು, ಯಾರು ಮೌಲ್ಯಮಾಪನ ಮಾಡಿದರು, ಪ್ರತಿಯಾಗಿ ಕಂಪನಿಗೆ ಸಿಗುವುದೇನು ಎಂಬುದು ಅಲ್ಲಿ ಇಲ್ಲದಿದ್ದರೆ ಫೋನಿನಲ್ಲಿ ಹೇಳಿ ಪ್ರಯೋಜನವಿಲ್ಲ. ಸಾರ್ವಜನಿಕವಲ್ಲದ್ದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದೂ ಇಲ್ಲ. ವರದಿಯಲ್ಲಿ ತಪ್ಪು ಅಂಕಿ ಇದ್ದರೆ ಪುಟ ಸಂಖ್ಯೆ ಸಮೇತ ಅದೇ ದಿನ ಬರೆಯಿರಿ. ಅಭಿಪ್ರಾಯಭೇದವನ್ನು "ತಪ್ಪು" ಎಂದು ಬರೆದರೆ ನಿಜವಾದ ತಪ್ಪನ್ನೂ ಯಾರೂ ಗಮನಿಸುವುದಿಲ್ಲ.

ಕಟ್-ಆಫ್ ದಿನ (ಅಂದು ಷೇರು ಇದ್ದವರಿಗಷ್ಟೇ ಮತ) ಸಭೆಗೆ 7 ದಿನಕ್ಕಿಂತ ಹಿಂದಿರುವಂತಿಲ್ಲ. ಇ-ವೋಟಿಂಗ್ ಕನಿಷ್ಠ 3 ದಿನ ತೆರೆದಿದ್ದು, ಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಮುಚ್ಚುತ್ತದೆ. ಈ ಸಂಜೆ 5ನ್ನು ನಂಬಿ ಕೂತವರು ಕೆಡುತ್ತಾರೆ. ವಿದೇಶಿ ಫಂಡ್‌ನ ಸೂಚನೆ ಮೊದಲು ಅವರ ಮತದಾನ ವೇದಿಕೆಗೆ, ಅಲ್ಲಿಂದ ಜಾಗತಿಕ ಕಸ್ಟೋಡಿಯನ್‌ಗೆ (ಫಂಡ್‌ನ ಷೇರುಗಳನ್ನು ಕಾಪಾಡುವ ಬ್ಯಾಂಕ್), ಆಮೇಲೆ ಸ್ಥಳೀಯ ಕಸ್ಟೋಡಿಯನ್‌ಗೆ ಬರಬೇಕು. ಪ್ರತಿ ಹಂತಕ್ಕೂ ಅದರದೇ ಗಡುವು. ಸಭೆಗೆ ವಾರ ಇರುವಾಗಲೇ ಅವರ ಬಾಗಿಲು ಮುಚ್ಚಿರಬಹುದು. ಹಾಗಾಗಿ ಭೇಟಿಗಳ ಕ್ರಮ ಹೀಗಿರಲಿ: ಮೊದಲು ವಿದೇಶಿ ಫಂಡ್‌ಗಳು, ಆಮೇಲೆ ಇಲ್ಲಿನ ಮ್ಯೂಚುವಲ್ ಫಂಡ್ ಮತ್ತು ವಿಮಾ ಸಂಸ್ಥೆಗಳು, ಕೊನೆಯ ನಾಲ್ಕು ದಿನ ಬಿಡಿ ಷೇರುದಾರರು.

ಇನ್ನೊಂದು: ಒಮ್ಮೆ ಹಾಕಿದ ಇ-ವೋಟನ್ನು ಬದಲಿಸಲು ಬರುವುದಿಲ್ಲ. ಸಭೆ ಮುಗಿದು ಸ್ಕ್ರೂಟಿನೈಜರ್ (ಮತ ಪರಿಶೀಲಕರು) ತೆರೆಯುವವರೆಗೆ ಮತ ಯಾವ ಕಡೆ ಬಿದ್ದಿದೆ ಎಂದು ಕಂಪನಿ ನೋಡುವಂತೆಯೂ ಇಲ್ಲ.

ಷೇರುಪಟ್ಟಿ

ಬಿಡಿ ಷೇರುದಾರರನ್ನು ಕೊನೆಗಿಟ್ಟಿರಿ, ಆದರೆ ಅಲ್ಲೇ ಗೆಲುವಿನ ಅಂತರ ಇರಬಹುದು. ನಿಮ್ಮ ಲೆಕ್ಕದ 20ರಲ್ಲಿ ಮತದಾನ ಶೇ 10ರಿಂದ 25ಕ್ಕೆ ಏರಿದರೆ ಬಂಡವಾಳದ ಶೇ 3 ಹೊಸದಾಗಿ ಸೇರುತ್ತದೆ. 31.75ರ ಕಣದಲ್ಲಿ ಅದು ಚಿಕ್ಕದಲ್ಲ. 2017ರಲ್ಲಿ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಮತ್ತು ಟ್ರಯಾನ್ ಫಂಡ್ ನಡುವಿನ ಬೋರ್ಡ್ ಸ್ಥಾನದ ಪೈಪೋಟಿಯಲ್ಲಿ ಒಂದು ಹಂತದ ಎಣಿಕೆಯ ಅಂತರ ಸುಮಾರು 43,000 ಷೇರು, ಶೇ 0.0016. ಅಲ್ಲಿ ಬಿಡಿ ಷೇರುದಾರರ ಪಾಲು ದೊಡ್ಡದು. ಕೊನೆಗೆ ಟ್ರಯಾನ್‌ನ ನೆಲ್ಸನ್ ಪೆಲ್ಟ್ಜ್ ಅವರಿಗೆ ಬೋರ್ಡೇ 2018ರಲ್ಲಿ ಸ್ಥಾನ ಕೊಟ್ಟಿತು.

ಇಮೇಲ್‌ನಲ್ಲಿ ನಿರ್ಣಯದ ಕಾನೂನು ಭಾಷೆ ಬೇಡ. ಕನ್ನಡದವರಿಗೆ ಕನ್ನಡದಲ್ಲಿ, ನಾಲ್ಕು ಸಾಲು: ಏನು ಕೇಳುತ್ತಿದ್ದೇವೆ, ಯಾಕೆ, ಕೊನೆಯ ದಿನ ಯಾವುದು, ಡಿಮ್ಯಾಟ್ ಖಾತೆಯ ಲಾಗಿನ್ ಮೂಲಕ ಮತ ಹಾಕುವುದು ಹೇಗೆ.

ಕಾರ್ಯದರ್ಶಿ_ಕಚೇರಿ

ನಡುವೆ ಸುದ್ದಿ ಸೋರಿದರೆ: ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 250 ಕಂಪನಿಗಳು ಮುಖ್ಯವಾಹಿನಿ ಮಾಧ್ಯಮದಲ್ಲಿ ಬಂದ, ಬೆಲೆಯನ್ನು ಗಣನೀಯವಾಗಿ ಅಲುಗಿಸಿದ ವದಂತಿಯನ್ನು 24 ಗಂಟೆಯೊಳಗೆ ದೃಢೀಕರಿಸಬೇಕು, ನಿರಾಕರಿಸಬೇಕು ಇಲ್ಲವೇ ಸ್ಪಷ್ಟಪಡಿಸಬೇಕು. ಆ ಹೇಳಿಕೆಯ ಕರಡು ಪತ್ರ ಬಂದ ವಾರವೇ ಸಿದ್ಧವಿರಲಿ. ರಾತ್ರಿ ಹತ್ತಕ್ಕೆ ಬರೆದ ಹೇಳಿಕೆಯಲ್ಲಿ "ಆಧಾರರಹಿತ" ಎಂಬ ಪದ ನುಸುಳುತ್ತದೆ, ಆಮೇಲೆ ಫಂಡ್ ತನ್ನ ಪತ್ರವನ್ನು ಪ್ರಕಟಿಸುತ್ತದೆ.

ಮತಲೆಕ್ಕ

ಮತದ ವಿವರ ಎರಡು ಕೆಲಸದ ದಿನದಲ್ಲಿ ಎಕ್ಸ್‌ಚೇಂಜ್‌ಗೆ ಹೋಗುತ್ತದೆ. ಅದರಲ್ಲಿ ಪ್ರವರ್ತಕರು, ಹೂಡಿಕೆ ಸಂಸ್ಥೆಗಳು, ಇತರರು ಎಂದು ಬೇರೆ ಬೇರೆ ಸಾಲು ಇರುತ್ತದೆ. ನಿರ್ಣಯ ಗೆದ್ದಿದ್ದರೂ ಸಂಸ್ಥೆಗಳ ಸಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ವಿರುದ್ಧ ಇದ್ದರೆ ಅದನ್ನು ಬೋರ್ಡಿಗೆ ತೋರಿಸುವುದು ಐಆರ್‌ನ ಹೊಣೆ. ಬ್ರಿಟನ್ನಿನ ಆಡಳಿತ ಸಂಹಿತೆ ಶೇ 20ರಷ್ಟು ವಿರುದ್ಧ ಮತ ಬಿದ್ದರೇ ಸಾಕು, ಷೇರುದಾರರನ್ನು ಮಾತಾಡಿಸಿ ಆರು ತಿಂಗಳೊಳಗೆ ವರದಿ ಕೊಡಿ ಎನ್ನುತ್ತದೆ. ಇಲ್ಲಿ ಆ ಕಟ್ಟಳೆ ಇಲ್ಲ, ಆದರೆ ಅದೇ ಶೇ 20ನ್ನು ನಿಮ್ಮ ಗೆರೆಯಾಗಿ ಇಟ್ಟುಕೊಳ್ಳಬಹುದು. ಬೋರ್ಡ್ ಟಿಪ್ಪಣಿಯಲ್ಲಿ ಕಾಲಂ ನಾಲ್ಕು ಸಾಕು: ಹೂಡಿಕೆದಾರರ ಹೆಸರು, ನಾವು ಊಹಿಸಿದ ಮತ, ಮ್ಯೂಚುವಲ್ ಫಂಡ್‌ಗಳು ಪ್ರಕಟಿಸಿದ ನಿಜವಾದ ಮತ, ಅವರು ಕೊಟ್ಟ ಕಾರಣ ಅವರದೇ ಮಾತಿನಲ್ಲಿ. ಕೊನೆಯ ಕಾಲಂ ತಿದ್ದಬೇಡಿ.